ಡೂಮಿನೊಳಗಿನ ವೈರು: ಎಲ್ಲಿ ಕಟ್ಟಬೇಕು, ಎಲ್ಲಿ ಬಿಡಬೇಕು

ವಾಹನ ಆರೈಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಕಳೆದು ಬೇಗ ಕತ್ತಲಾಗುವ ದಿನಗಳು ಬಂದವೆಂದರೆ ಲೈಟಿನ ಪ್ರಶ್ನೆಗಳು ಒಟ್ಟೊಟ್ಟಿಗೆ ಬರುತ್ತವೆ. ಈ ಸಲ ಆಯ್ದ ಪತ್ರಗಳ ದೂರು ಬಗೆಬಗೆಯದು. ತಪ್ಪು ಇರುವುದು ಮಾತ್ರ ಹೆಚ್ಚಾಗಿ ವೈರು ಕೂತ ರೀತಿಯಲ್ಲಿ.

ಪ್ರಶ್ನೆ: ನನ್ನದು ದುಂಡು ಹೆಡ್‌ಲೈಟಿನ 350 ಸಿಸಿ ಬೈಕ್. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಲೈಟು ಆರುತ್ತದೆ, ನೆಟ್ಟಗೆ ಮಾಡಿದರೆ ಮತ್ತೆ ಹತ್ತುತ್ತದೆ. ಬಲ್ಬು ಬದಲಿಸಿದೆ, ಸ್ವಿಚ್ಚೂ ಬದಲಿಸಿದೆ. ಪ್ರಯೋಜನವಾಗಿಲ್ಲ. (ತಿಪಟೂರು)

ಸ್ವಿಚ್ಚಿಗೆ ಕೊಟ್ಟ ದುಡ್ಡು ದಂಡ. ಹ್ಯಾಂಡಲ್ ತಿರುಗಿದಾಗಲೇ ಲೈಟು ಹೋಗುತ್ತದೆಂದರೆ, ಹ್ಯಾಂಡಲ್ ಜೊತೆ ಬಾಗುವ ವೈರನ್ನೇ ಮೊದಲು ಅನುಮಾನಿಸಬೇಕು. ಚಾಸಿಯಿಂದ ಬರುವ ವೈರಿನ ಕಟ್ಟು ಸ್ಟೀರಿಂಗ್ ಕತ್ತಿನ ಪಕ್ಕದಲ್ಲಿ ಹಾದು, ಡೂಮಿನ (ಹೆಡ್‌ಲೈಟಿನ ದುಂಡು ಡಬ್ಬಿಯ) ಬೆನ್ನಿನ ತೂತಿನಿಂದ ಒಳಗೆ ಹೋಗುತ್ತದೆ. ಚಾಸಿ ಕದಲುವುದಿಲ್ಲ, ಡೂಮು ತಿರುಗುತ್ತದೆ. ಇವೆರಡರ ನಡುವಿನ ಒಂದು ಗೇಣು ವೈರು ಊರೊಳಗಿನ ಓಡಾಟದಲ್ಲಿ ದಿನಕ್ಕೆ ನೂರಾರು ಸಲ ಬಾಗಿ ನೆಟ್ಟಗಾಗುತ್ತದೆ.

ರಿಮ್ಮಿನ ಸ್ಕ್ರೂ ಬಿಚ್ಚಿ ರಿಫ್ಲೆಕ್ಟರ್ ಹೊರತೆಗೆಯಿರಿ. ವೈರಿಗೇ ಅದನ್ನು ಜೋತುಬಿಡಬೇಡಿ, ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಗ್ಗು) ಕಿತ್ತು ಬಟ್ಟೆಯ ಮೇಲೆ ಇಡಿ. ಬಾಗುವ ಭಾಗದ ಟೇಪು ಬಿಚ್ಚಿ, ಒಂದೊಂದೇ ವೈರನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಳಗಿನ ತಾಮ್ರ ಗಟ್ಟಿಯಾಗಿದ್ದರೆ ವೈರು ಹಿಗ್ಗುವುದಿಲ್ಲ. ಎಳೆಗಳು ತುಂಡಾಗಿದ್ದರೆ ಹೊದಿಕೆ ಮಾತ್ರ ರಬ್ಬರಿನಂತೆ ಹಿಗ್ಗಿ ಆ ಜಾಗ ತೆಳ್ಳಗಾಗುತ್ತದೆ. ಬಾಗಿಸಿದರೆ ಬಾಡಿದ ಸೊಪ್ಪಿನ ದಂಟಿನಂತೆ ಅಲ್ಲೇ ಮಡಚಿಕೊಳ್ಳುತ್ತದೆ. ಹೊರಗಿನಿಂದ ಗಾಯವೇ ಕಾಣದಿರುವುದರಿಂದ ಇದು ಎಷ್ಟೋ ಮೆಕ್ಯಾನಿಕ್‌ಗಳ ಕಣ್ಣು ತಪ್ಪಿಸುತ್ತದೆ.

ಹೀಗೆ ತುಂಡಾಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಅಂದರೆ ಗ್ರೊಮೆಟ್, ಕಳೆದುಹೋಗಿ ತಗಡಿನ ಅಂಚು ಗರಗಸದಂತೆ ಉಜ್ಜುವುದು. ಇನ್ನೊಂದು, ಹೆಚ್ಚಾಗಿ ನಡೆಯುವುದು: ಯಾರೋ ಚೊಕ್ಕವಾಗಿ ಕಾಣಲೆಂದು ತೂತಿನ ಬಾಯಲ್ಲೇ ಕೇಬಲ್ ಟೈ ಹಾಕಿ ಬಿಗಿದಿರುತ್ತಾರೆ. ಆಗ ಒಂದು ಗೇಣಿನ ಉದ್ದಕ್ಕೆ ಹಂಚಿಹೋಗಬೇಕಾದ ಬಾಗು ಟೈ ಪಕ್ಕದ ಅರ್ಧ ಸೆಂಟಿಮೀಟರಿನಲ್ಲೇ ಬೀಳುತ್ತದೆ. ತಂತಿಯನ್ನು ಅದೇ ಜಾಗದಲ್ಲಿ ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಅದೇ ಕೆಲಸ ಇಲ್ಲಿ ನಿಧಾನವಾಗಿ ನಡೆಯುತ್ತದೆ.

ತುಂಡಾದ ಜಾಗದಲ್ಲೇ ಜೋಡಿಸಿ ಟೇಪು ಸುತ್ತಿದರೆ ಹೆಚ್ಚು ದಿನ ಬಾಳುವುದಿಲ್ಲ. ಅದರಲ್ಲೂ ಬೆಸುಗೆ ಹಾಕಿದರೆ ಸೀಸ ಎಳೆಗಳ ಒಳಕ್ಕೆ ಹರಿದು ವೈರು ಕಡ್ಡಿಯಂತಾಗುತ್ತದೆ, ಕಡ್ಡಿ ಮುಗಿಯುವಲ್ಲಿ ಮತ್ತೆ ಮುರಿಯುತ್ತದೆ. ಬಾಗುವ ಭಾಗವನ್ನು ಪೂರ್ತಿ ತೆಗೆದು ಅಷ್ಟೇ ದಪ್ಪದ ಹೊಸ ವೈರು ಹಾಕಿ. ಒಂದು ಜೋಡಣೆ ಚಾಸಿ ಕಡೆಗೆ, ಇನ್ನೊಂದು ಡೂಮಿನೊಳಗೆ ಬರಲಿ. ಪಕ್ಕಪಕ್ಕದ ವೈರುಗಳ ಜೋಡಣೆ ಒಂದೇ ಕಡೆ ಸೇರಿ ಗಂಟಾಗದಂತೆ ಎರಡು ಮೂರು ಸೆಂಟಿಮೀಟರ್ ಹಿಂದೆ ಮುಂದೆ ಇರಲಿ. ಕ್ರಿಂಪ್ ಮಾಡುವ (ಇಕ್ಕಳದಿಂದ ಒತ್ತಿ ಬಿಗಿಯುವ) ತಾಮ್ರದ ಸ್ಲೀವ್, ಮೇಲೆ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಹಿಡಿಯುವ ಕೊಳವೆ) ಸಾಕು.

ಇನ್ನು ಕಟ್ಟುವುದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ಕಡೆಗೆ ತಿರುಗಿದಾಗ ವೈರು ಹೆಚ್ಚು ಬಿಗಿಯುತ್ತದೆ ನೋಡಿಕೊಳ್ಳಿ. ಆ ಸ್ಥಿತಿಯಲ್ಲೂ ಎರಡು ಬೆರಳಿನಷ್ಟು ಸಡಿಲ ಉಳಿಯುವಂತೆ ಉದ್ದ ಬಿಡಿ. ಒಂದು ಟೈ ಚಾಸಿಗೆ, ಕತ್ತಿಗಿಂತ 8–10 ಸೆಂಟಿಮೀಟರ್ ಹಿಂದೆ. ಇನ್ನೊಂದು ಡೂಮಿನೊಳಗೆ, ತೂತು ದಾಟಿ 3–4 ಸೆಂಟಿಮೀಟರ್ ಆದ ಮೇಲೆ. ವೈರು ಎಳೆದಾಗ ಭಾರ ಕಪ್ಲರ್ ಮೇಲೆ ಬೀಳದೆ ಈ ಟೈ ಮೇಲೆ ಬೀಳಬೇಕು. ನಡುವೆ ಏನೂ ಕಟ್ಟಬೇಡಿ. ಟೈ ಕೆಳಗೆ ಎರಡು ಸುತ್ತು ಬಟ್ಟೆಯ ಟೇಪು ಹಾಕಿ. ಕಟ್ಟು ಜಾರಬಾರದು, ಆದರೆ ಟೈ ಹೊದಿಕೆಯೊಳಕ್ಕೆ ಕಚ್ಚಿಕೊಂಡಿರಲೂಬಾರದು. ಅದರ ಬಾಲವನ್ನು ಬುಡದಲ್ಲೇ ಕತ್ತರಿಸಿ, ಓರೆಯಾಗಿ ಬಿಟ್ಟ ತುದಿ ಬ್ಲೇಡಿನಂತೆ ಪಕ್ಕದ ವೈರನ್ನು ಕೊಯ್ಯುತ್ತದೆ. ಹತ್ತಿರವೇ ಇದೆಯೆಂದು ಕ್ಲಚ್ ಕೇಬಲ್ಲಿಗೋ ಆಕ್ಸಿಲರೇಟರ್ ಕೇಬಲ್ಲಿಗೋ ಕಟ್ಟುವುದು ಮಾತ್ರ ಬೇಡ.

ಗ್ರೊಮೆಟ್ ಸಿಗದಿದ್ದರೆ ಪೆಟ್ರೋಲ್ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ತಗಡಿನ ಅಂಚಿಗೆ ಸಿಕ್ಕಿಸಬಹುದು. ಕಪ್ಲರ್‌ಗಳು ಡೂಮಿನ ಕೆಳಗೆ ಮತ್ತು ಪಕ್ಕಗಳಲ್ಲಿ ಕೂರಲಿ, ಬಲ್ಬಿನ ಬೆನ್ನಿಗೆ ನೇರವಾಗಿ ಏನೂ ಇರಬಾರದು. ಮುಚ್ಚುವಾಗ ರಿಫ್ಲೆಕ್ಟರನ್ನು ಅಂಗೈಯಿಂದ ಒತ್ತಿ ಹಿಡಿಯಬೇಕಾಗಿ ಬಂದರೆ ಯಾವುದೋ ವೈರು ಸಿಕ್ಕಿಕೊಂಡಿದೆ ಎಂದರ್ಥ. ಸ್ಕ್ರೂ ಬಿಗಿದು ಅದನ್ನು ಗೆಲ್ಲಲು ಹೋಗಬೇಡಿ, ಮತ್ತೆ ತೆಗೆದು ಜೋಡಿಸಿ.

ಪ್ರಶ್ನೆ: ಹಳೆಯ ಕಾರಿನ ಹೆಡ್‌ಲೈಟಿನ ಪ್ಲಾಸ್ಟಿಕ್ ಹೋಲ್ಡರ್ ಎರಡು ಸಲ ಕರಗಿತು, ವೈರು ಕಪ್ಪಾಗಿ ಪುಡಿಯಾಗುತ್ತಿದೆ. ಬೆಳಕು ಸಾಲದೆಂದು 100/90 ವಾಟಿನ ಎಚ್4 ಬಲ್ಬು ಹಾಕಿಸಿದ್ದೆ. (ಹೊಸಪೇಟೆ)

ಉತ್ತರ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಇದೆ. ಎಚ್4 ಬಲ್ಬಿಗೆ 12 ವೋಲ್ಟಿನಲ್ಲಿ 60/55 ವಾಟ್, ಅಂದರೆ ಬ್ರೈಟಿಗೆ 60, ಡಿಮ್ಮಿಗೆ 55 ಎಂಬುದು ನಿಗದಿಯಾದ ಅಳತೆ. 60 ವಾಟಿಗೆ 5 ಆಂಪಿಯರ್ ಹರಿಯುತ್ತದೆ, 100 ವಾಟಿಗೆ 8.3. ವೈರಿನಲ್ಲೂ ಟರ್ಮಿನಲ್‌ನಲ್ಲೂ ಹುಟ್ಟುವ ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಹತ್ತಿರ ಹತ್ತಿರ 2.8 ಪಟ್ಟು. ಜೊತೆಗೆ ಹ್ಯಾಲೋಜನ್ ಬಲ್ಬಿನ ಗಾಜು 250 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಬಿಸಿಯೂ ಬುಡಕ್ಕೆ ಇಳಿಯುತ್ತದೆ. ಕಾದ ಹಿತ್ತಾಳೆಯ ಟರ್ಮಿನಲ್ ತನ್ನ ಬಿಗಿ ಕಳೆದುಕೊಳ್ಳುತ್ತದೆ, ಸಡಿಲವಾದ ಟರ್ಮಿನಲ್ ಇನ್ನಷ್ಟು ಕಾಯುತ್ತದೆ. ಹೋಲ್ಡರ್ ಒಮ್ಮೆ ಕರಗಲು ಶುರುವಾದರೆ ನಿಲ್ಲದಿರುವುದು ಇದಕ್ಕೇ.

60/55ಕ್ಕೆ ಮರಳಿ. ರಸ್ತೆಯ ಮೇಲೆ 100/90ಕ್ಕೆ ಕಾನೂನಿನ ಒಪ್ಪಿಗೆಯೂ ಇಲ್ಲ. ಬೆಳಕು ಸಾಲದಿರುವುದಕ್ಕೆ ನಿಜವಾದ ಕಾರಣ ತಿಳಿಯಬೇಕೆಂದರೆ ಲೈಟು ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ಹೋಲ್ಡರಿನ ಪಾಸಿಟಿವ್‌ಗೆ ಮುಟ್ಟಿಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅದು ದಾರಿಯಲ್ಲೇ ಸೋರಿಹೋಗುತ್ತಿರುವ ವೋಲ್ಟೇಜ್. ಅರ್ತ್ ಕಡೆಗೂ ಹೀಗೇ ನೋಡಿ. ಬಲ್ಬಿಗೆ 13ರ ಬದಲು 12 ವೋಲ್ಟ್ ತಲುಪಿದರೆ ಬೆಳಕು ಸುಮಾರು ಕಾಲು ಭಾಗ ಕುಸಿಯುತ್ತದೆ. ದೊಡ್ಡ ಬಲ್ಬು ಹಾಕಿದರೆ ಈ ಸೋರಿಕೆಯೂ ದೊಡ್ಡದಾಗುತ್ತದೆ, ಅಷ್ಟೆ.

ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ (ಸ್ವಿಚ್ಚಿನ ಚಿಕ್ಕ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹತ್ತಿಸಿ ಆರಿಸುವ ಡಬ್ಬಿ) ಹಾಕಿ. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 2.5 ಚದರ ಮಿಲಿಮೀಟರ್ ವೈರು ರಿಲೇ ಮೇಲೆ 30 ಎಂದು ಬರೆದಿರುವ ಪಿನ್ನಿಗೆ, 87ರಿಂದ ಪ್ರತಿ ಬಲ್ಬಿಗೂ 1.5ರ ವೈರು, ಹಳೆಯ ಸ್ವಿಚ್ಚಿನ ವೈರು 86ಕ್ಕೆ, 85 ಅರ್ತಿಗೆ. ಹೋಲ್ಡರ್ ಸೆರಾಮಿಕ್ಕಿನದಿರಲಿ. ಅದು ಪ್ಲಾಸ್ಟಿಕ್ಕಿನದಕ್ಕಿಂತ ಭಾರ. ಬಲ್ಬಿನ ಹಿಂಬದಿ ಮುಚ್ಚುವ ರಬ್ಬರ್ ಬೂಟಿನ ಹೊರಗೆ ವೈರನ್ನು ಎಲ್ಲಿಯಾದರೂ ಹಿಡಿಸದೆ ಬಿಟ್ಟರೆ ರಸ್ತೆಯ ಗುಂಡಿಗುಂಡಿಗೂ ಟರ್ಮಿನಲ್ಲನ್ನು ಅಲುಗಿಸುತ್ತದೆ. ಬೂಟಿನಿಂದ 6–7 ಸೆಂಟಿಮೀಟರ್ ದೂರದಲ್ಲಿ ಕಾರಿನ ಬಾಡಿಯ ತಗಡಿಗೆ ಒಂದು ಕ್ಲಿಪ್ ಸಾಕು. ಹೋಲ್ಡರಿನಿಂದ ಮೊದಲ ಎರಡು ಇಂಚು ವೈರು ಮಡಚದೆ ನೆಟ್ಟಗೆ ಬರಲಿ, ಆ ಭಾಗಕ್ಕೆ ಸಿಲಿಕೋನ್ ಲೇಪದ ಫೈಬರ್‌ಗ್ಲಾಸ್ ಸ್ಲೀವ್ ಏರಿಸಿ.

ವೈರನ್ನು ಹಾರ್ಡ್‌ವೇರ್ ಅಂಗಡಿಯ ಮನೆ ವೈರಿಂಗಿನ ಸುರುಳಿಯಿಂದ ಕತ್ತರಿಸಿ ತರಬೇಡಿ. ಸಾಮಾನ್ಯ ಮನೆ ವೈರಿನ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ವಾಹನದ ವೈರು ಎಂದು ಕೇಳಿ, 105 ಡಿಗ್ರಿಯದು ಸಿಗುತ್ತದೆ.

ಪ್ರಶ್ನೆ: ಹೆಡ್‌ಲೈಟಿನೊಳಗೆ ವೈರು ಅಲುಗಾಡದಂತೆ ಗ್ಲೂ ಗನ್ನಿನ ಅಂಟು ಹಾಕಬಹುದೇ? ಸಿಲಿಕೋನ್ ಆದೀತೇ? (ಹಾಸನ)

ಗ್ಲೂ ಗನ್ನಿನ ಅಂಟು ಬಿಸಿಗೇ ಕರಗುವ ಜಾತಿಯದು. ಲೈಟು ಅರ್ಧ ಗಂಟೆ ಉರಿದರೆ ಮೆತ್ತಗಾಗಿ ಜಾರುತ್ತದೆ. ತಕ್ಷಣ ಅಂಟುವ ಚಿಕ್ಕ ಟ್ಯೂಬಿನ ಅಂಟಂತೂ ಬೇಡವೇ ಬೇಡ, ಅದರ ಆವಿ ರಿಫ್ಲೆಕ್ಟರಿನ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ, ಒರೆಸಲು ಹೋದರೆ ಹೊಳಪಿನ ಲೇಪವೇ ಕಿತ್ತು ಬರುತ್ತದೆ. ಸಿಲಿಕೋನಿನಲ್ಲಿ ಎರಡು ಬಗೆ. ಮೂಸಿದರೆ ವಿನಿಗರಿನ ಹುಳಿ ವಾಸನೆ ಬಂದರೆ ಅದು ತಾಮ್ರವನ್ನೂ ರಿಫ್ಲೆಕ್ಟರನ್ನೂ ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನು ಕೊಂಡು, ಬಲ್ಬಿನಿಂದ ದೂರದ ಜಾಗದಲ್ಲಿ ಕಡಲೆಕಾಳಿನಷ್ಟು ಹಚ್ಚಿ, ಮುಚ್ಚುವ ಮೊದಲು ಒಂದು ದಿನ ಒಣಗಲು ಬಿಡಿ. ಡೂಮಿನಲ್ಲೇ ಎರಕದ ಕೊಕ್ಕೆಯೋ ಕ್ಲಿಪ್ಪೋ ಇದ್ದರೆ ಅಂಟಿನ ಗೊಡವೆಯೇ ಬೇಡ.

ಪ್ರಶ್ನೆ: ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರಿನ ಹಿಂದಿನ ಲೈಟಿನ ವೈರು ಪ್ರತಿ ಹಂಗಾಮಿನಲ್ಲೂ ಹರಿಯುತ್ತದೆ. ಈಗ ಬ್ರೇಕ್ ಒತ್ತಿದರೆ ಇಂಡಿಕೇಟರೂ ಮಂದವಾಗಿ ಹತ್ತುತ್ತದೆ. (ಮುಧೋಳ)

ಇವು ಎರಡು ಬೇರೆ ಬೇರೆ ತೊಂದರೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಹತ್ತುವುದು ಅರ್ತ್ ಕೈಕೊಟ್ಟ ಗುರುತು. ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ಸುತ್ತಿ ಹೋಗುತ್ತದೆ. ಟ್ರೇಲರಿಗೆ ಕೊಕ್ಕೆಯ ಕಬ್ಬಿಣದ ಮೂಲಕವೇ ಅರ್ತ್ ಸಿಗುತ್ತದೆಂದು ನಂಬುವವರು ಬಹಳ; ಗ್ರೀಸು, ತುಕ್ಕು, ಧೂಳು ತುಂಬಿದ ಕೊಕ್ಕೆ ಒಮ್ಮೆ ಮುಟ್ಟುತ್ತದೆ, ಒಮ್ಮೆ ಬಿಡುತ್ತದೆ. ಅರ್ತಿಗೆಂದೇ ಒಂದು ವೈರು ಎಳೆಯಿರಿ. 7 ಪಿನ್ನಿನ ಸಾಕೆಟ್ಟಿನಲ್ಲಿ ಅದಕ್ಕೆ ಗೊತ್ತಾದ ಜಾಗ 3ನೇ ಪಿನ್, ಬಿಳಿ ಬಣ್ಣ. ಹಳದಿ ಎಡ ಇಂಡಿಕೇಟರ್, ಹಸಿರು ಬಲ, ಕೆಂಪು ಬ್ರೇಕ್, ಕಂದು ಬಲದ ಟೇಲ್ ಲೈಟು, ಕಪ್ಪು ಎಡದ್ದು. ಎಲ್ಲ ಬಲ್ಬಿನ ಕರೆಂಟೂ ಅರ್ತ್ ವೈರೊಂದರಲ್ಲೇ ಮರಳುವುದರಿಂದ ಅದು 2.5 ಚದರ ಮಿಲಿಮೀಟರ್ ಇರಲಿ, ಉಳಿದವು 1.5 ಸಾಕು. 21/5 ವಾಟಿನ ಬಲ್ಬಿನ ಹೋಲ್ಡರಿನೊಳಗಿನ ಸ್ಪ್ರಿಂಗನ್ನೂ ಬೆರಳಿನಿಂದ ಒತ್ತಿ ನೋಡಿ, ತುಕ್ಕು ಹಿಡಿದು ಕೆಳಗೇ ಕೂತಿರಬಹುದು.

ವೈರು ಹರಿಯುವುದು ಅದನ್ನು ಚಾಸಿಯ ಕೆಳಗೆ ಜೋತುಬಿಟ್ಟಿರುವುದರಿಂದ. ರವದಿ (ಕಬ್ಬಿನ ಒಣಗಿದ ಗರಿ) ಅದಕ್ಕೆ ಸಿಕ್ಕಿಕೊಳ್ಳುತ್ತದೆ, ಚಕ್ರಕ್ಕೆ ತಗುಲಿದ ರವದಿ ವೈರನ್ನೂ ಎಳೆದುಕೊಂಡು ಹೋಗುತ್ತದೆ. ಚಾಸಿ ಚಾನಲಿನ ಒಳಮಗ್ಗುಲಲ್ಲಿ, ಮೇಲಿನ ಮೂಲೆಯಲ್ಲಿ ವೈರು ಹಾಯಿಸಿ. ಸುರುಳಿ ಏಣಿನ ಫ್ಲೆಕ್ಸಿಬಲ್ ಪೈಪಿನೊಳಗೆ ಹಾಕಿ, ಒಂದೊಂದು ಅಡಿಗೆ ರಬ್ಬರ್ ಒಳಪದರದ ಕಬ್ಬಿಣದ ಕ್ಲಿಪ್ಪಿನಿಂದ ಬೋಲ್ಟ್ ಮಾಡಿ. ಕೇಬಲ್ ಟೈ ಇಲ್ಲಿ ಬಾಳುವುದಿಲ್ಲ, ಬಿಸಿಲಿಗೆ ಮುರುಕಾಗುತ್ತದೆ. ಬಿಳಿಯದು ಇನ್ನೂ ಬೇಗ. ಹೈಡ್ರಾಲಿಕ್ ಪೈಪಿಗೆ ಕಟ್ಟಬೇಡಿ, ಎತ್ತುವಾಗ ಇಳಿಸುವಾಗ ಆ ಪೈಪು ಸೆಟೆಯುತ್ತದೆ. ಕೊಕ್ಕೆಯ ಬಳಿ ಟ್ರ್ಯಾಕ್ಟರ್ ಪೂರ್ತಿ ಹೊರಳಿದಾಗ ಬೇಕಾಗುವಷ್ಟು ಉದ್ದ ಬಿಟ್ಟು, ನಡುಭಾಗವನ್ನು ಒಂದು ಸ್ಪ್ರಿಂಗಿಗೆ ತೂಗುಹಾಕಿದರೆ ನೆಲಕ್ಕೆ ತಾಗುವುದಿಲ್ಲ.

ಪ್ರಶ್ನೆ: ಎಲ್‌ಇಡಿ ಬಲ್ಬು ಹಾಕಿಸಿದ ಮೇಲೆ ಹೆಡ್‌ಲೈಟಿನೊಳಗೆ ಕಟಕಟ ಸದ್ದು. (ಬೆಂಗಳೂರು)

ಬಲ್ಬಿನ ಜೊತೆ ಬರುವ, ಅದಕ್ಕೆ ಕರೆಂಟು ಹದಗೊಳಿಸಿ ಕೊಡುವ ಡ್ರೈವರ್ ಡಬ್ಬಿ ಒಳಗೆ ಓಡಾಡುತ್ತಿದೆ. ಎರಡು ಮುಖದ ಟೇಪಿನಿಂದ ಅಂಟಿಸಿದ್ದರೆ ಬಿಸಿಗೆ ಬಿಟ್ಟಿರುತ್ತದೆ. ಸದ್ದಿಗಿಂತ ದೊಡ್ಡ ಅಪಾಯ, ಸಡಿಲ ವೈರು ಬಲ್ಬಿನ ಹಿಂದಿನ ಫ್ಯಾನಿಗೆ ಸಿಕ್ಕಿ ಅದು ನಿಲ್ಲುವುದು. ಫ್ಯಾನ್ ನಿಂತ ಎಲ್‌ಇಡಿ ಹೆಚ್ಚು ದಿನ ಬದುಕುವುದಿಲ್ಲ. ಡಬ್ಬಿಯನ್ನು ಬೂಟಿನ ಹೊರಗೆ ತಂದು ತಗಡಿನ ಪಟ್ಟಿಯಿಂದ ಸ್ಕ್ರೂ ಮಾಡಿ. ಆದರೆ ಹ್ಯಾಲೋಜನ್ ತಂತಿಯ ಅಳತೆಗೆ ಮಾಡಿದ ರಿಫ್ಲೆಕ್ಟರಿನಲ್ಲಿ ಎಲ್‌ಇಡಿ ಹಾಕಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಹಳೆಯ ಬಲ್ಬನ್ನೇ ಮರಳಿ ಹಾಕಿಸುವುದು ಒಳ್ಳೆಯದು.

ಪ್ರಶ್ನೆ: ಟೇಲ್ ಲೈಟಿನೊಳಗೆ ನೀರು ಬರುತ್ತದೆಂದು ಎಲ್ಲ ಸಂದುಗಳಿಗೂ ಸೀಲೆಂಟ್ ತುಂಬಿಸಿದೆ. ಈಗ ಒಳಗೆ ಹಬೆ ಆರುವುದೇ ಇಲ್ಲ, ವೈರಿನ ತುದಿ ಹಸಿರಾಗಿದೆ. (ಕುಂದಾಪುರ)

ಉಸಿರಾಡುವ ತೂತನ್ನೂ ಮುಚ್ಚಿಬಿಟ್ಟಿದ್ದೀರಿ. ಲೈಟು ಹತ್ತಿದಾಗ ಒಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ, ಆರಿದಾಗ ಎಲ್ಲಿ ಸಂದು ಸಿಕ್ಕರೂ ಅಲ್ಲಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಹೊರಹೋಗಲು ತೂತಿಲ್ಲದೆ ತೇವ ಅಲ್ಲೇ ಉಳಿಯುತ್ತದೆ. ಡಬ್ಬಿಯ ಕೆಳಗಿನ ಅಂಚಿನಲ್ಲೋ ಹಿಂಬದಿಯಲ್ಲೋ ಇರುವ ಚಿಕ್ಕ ತೂತುಗಳನ್ನು ಮತ್ತೆ ಬಿಡಿಸಿ. ನೀರು ಬರುವ ನಿಜವಾದ ದಾರಿ ಹೆಚ್ಚಾಗಿ ವೈರೇ: ಮೇಲಿನಿಂದ ಇಳಿಜಾರಾಗಿ ಬಂದ ವೈರಿನ ಗುಂಟ ನೀರು ಹರಿದು ಗ್ರೊಮೆಟ್ ಒಳಗೆ ನುಗ್ಗುತ್ತದೆ. ವೈರು ಗ್ರೊಮೆಟ್ಟಿಗಿಂತ ಎರಡು ಇಂಚು ಕೆಳಗಿಳಿದು ಮತ್ತೆ ಮೇಲೇರಿ ಒಳಹೋಗುವಂತೆ ಬಾಗಿಸಿ, ಆ ಆಕಾರದಲ್ಲೇ ಕ್ಲಿಪ್ ಹಾಕಿ. ಹನಿ ತಗ್ಗಿನಲ್ಲೇ ಉದುರಿಹೋಗುತ್ತದೆ.

ಹಸಿರಾದ ತುದಿಯನ್ನು ಕೆರೆದು ಮತ್ತೆ ಜೋಡಿಸಬೇಡಿ. ಕಡಲತೀರದ ಉಪ್ಪಿನ ತೇವ ಹೊದಿಕೆಯೊಳಗೆ ಎಳೆಗಳ ಗುಂಟ ಏರಿರುತ್ತದೆ. ಒಂದೊಂದು ಇಂಚು ಕತ್ತರಿಸುತ್ತ ಹೋಗಿ, ಹೊಳೆಯುವ ಕೆಂಪು ತಾಮ್ರ ಕಾಣುವವರೆಗೆ. ಅಲ್ಲಿಂದ ಸಾಧ್ಯವಾದರೆ ತವರ ಲೇಪದ ವೈರು ಸೇರಿಸಿ, ಒಳಮೈಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಹಾಕಿ. ಕಾಯಿಸಿದಾಗ ಎರಡೂ ತುದಿಯಲ್ಲಿ ಅಂಟು ತೆಳ್ಳಗೆ ಹೊರಬಂದರೆ ಸೀಲು ಕೂತಿದೆ.