ಡ್ರೈವರ್ ಇಲ್ಲದ ಕಾರು ಬಂದರೆ ಶಿರಸಿಯಂಥ ಊರಿಗೆ ಬಸ್ಸು ಬೇಕಾಗುತ್ತದೆಯೇ?

ಬೇಕಾಗುತ್ತದೆ. ಮುಖ್ಯ ಕಾರಣ ರಸ್ತೆಯ ಜಾಗ. ಒಂದು ಬಸ್ಸಿನಲ್ಲಿ ಸುಮಾರು 50 ಜನ ಕೂರುತ್ತಾರೆ. ಅವರೆಲ್ಲ ಒಬ್ಬೊಬ್ಬರೇ ಕಾರಿನಲ್ಲಿ ಹೊರಟರೆ 50 ಕಾರು. ಮನುಷ್ಯ ಓಡಿಸಲಿ, ಕಂಪ್ಯೂಟರ್ ಓಡಿಸಲಿ, ಕಾರು ಹಿಡಿಯುವ ಜಾಗ ಅಷ್ಟೇ ಅಲ್ವಾ? ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಬಸ್ಸಿನವರೆಲ್ಲ ಕಾರಲ್ಲಿ ಬಂದರೆ ಹೇಗಿರುತ್ತದೆ, ಸುಮ್ನೆ ಯೋಚಿಸಿ ನೋಡಿ.

ಮೇಲಿಂದ ಖಾಲಿ ಓಡಾಟ ಬೇರೆ. ಈಗಿನ ಕಾರಿನಲ್ಲಿ ಓಡಿಸುವವರಾದರೂ ಇರುತ್ತಾರೆ. ಇದು ನಿಮ್ಮನ್ನು ಇಳಿಸಿ, ಮುಂದಿನವರನ್ನು ಹತ್ತಿಸಲು ಖಾಲಿಯೇ ಹೋಗುತ್ತದೆ. ಪಾರ್ಕಿಂಗ್ ಜಾಗ ಉಳಿಯಬಹುದು, ರಸ್ತೆಯಲ್ಲಿ ಗಾಡಿ ಮಾತ್ರ ಜಾಸ್ತಿ.

ಲಾಭ ಇರುವುದು ಹಳ್ಳಿಯ ಕಡೆ. ಬಸ್ಸಿನಲ್ಲಿ ಡ್ರೈವರ್ ಸಂಬಳ ಎಲ್ಲ ಪ್ರಯಾಣಿಕರಿಗೂ ಹಂಚಿ ಹೋಗುತ್ತದೆ. ಬಾಡಿಗೆ ಕಾರಿನಲ್ಲಿ ಒಂದಿಬ್ಬರ ತಲೆ ಮೇಲೆ ಬೀಳುತ್ತದೆ. ಹಾಗಾಗಿ ಡ್ರೈವರ್ ಖರ್ಚು ತಪ್ಪಿದರೆ ಹೆಚ್ಚು ಅಗ್ಗವಾಗಬಹುದಾದದ್ದು ಸಣ್ಣ ಗಾಡಿ. ಅಡಿಕೆ ತೋಟಗಳ ನಡುವಿನ ಎಷ್ಟೋ ಊರಿಗೆ ದಿನಕ್ಕೆ ಒಂದೆರಡೇ ಬಸ್ಸು. ಅಲ್ಲಿಂದ ನಾಲ್ಕೈದು ಜನರನ್ನು ಒಟ್ಟಿಗೆ ಮುಖ್ಯರಸ್ತೆಯ ಬಸ್ಸಿಗೆ ಮುಟ್ಟಿಸುವ ಸಣ್ಣ ವ್ಯಾನು ನಿಜಕ್ಕೂ ಉಪಯೋಗ.

ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೇಮೋ ಕಂಪನಿಯ ಡ್ರೈವರ್ ಇಲ್ಲದ ಟ್ಯಾಕ್ಸಿಗಳು ಓಡುತ್ತಿವೆ. ಆದರೆ ಕುಮಟಾ ದಾರಿಯ ದೇವಿಮನೆ ಘಟ್ಟದ ಜುಲೈ ಮಳೆ, ಮಂಜು, ತಿರುವಿನಲ್ಲಿ ನಿಂತ ದನ, ಅದು ಬೇರೆಯೇ ಪರೀಕ್ಷೆ. ನಮ್ಮ ಕಡೆ ಅವು ಬೇಗ ಬರುತ್ತವೆ ಅಂತ ನನಗಂತೂ ಅನಿಸುವುದಿಲ್ಲ.