ಎರೆ ಹೊಲದಲ್ಲಿ ಪ್ರಾರ್ಥನಾ ಮಂದಿರ: ಹಸಿ ಇಟ್ಟಿಗೆಯೋ, ಶಹಾಬಾದ್ ಕಲ್ಲೋ, ಬೀದರಿನ ಕೆಂಪು ಕಲ್ಲೋ?

ಸೇಡಂ ಕಡೆ ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಸಭೆಗೊಂದು ಚಿಕ್ಕ ಪ್ರಾರ್ಥನಾ ಮಂದಿರ, ಅದೂ ಊರಿನದೇ ಮಣ್ಣು, ಕಲ್ಲಿನಲ್ಲಿ; ಗೋಡೆಗೆ ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. 7 ವರ್ಷದ ಹಿಂದೆ ಚಿತ್ತಾಪುರ ತಾಲೂಕಿನ ನಮ್ಮೂರಲ್ಲಿ ನಾವೂ ಇದನ್ನೇ ತಿಂಗಳುಗಟ್ಟಲೆ ಮಾತಾಡಿದ್ದೆವು. ಕೊನೆಗೆ ಶಹಾಬಾದ್ ಕಲ್ಲಿನ ಗೋಡೆ, ಸುಣ್ಣದ ಗಾರೆ, ನೆಲಕ್ಕೆ ಫರ್ಸಿ (ಹಾಸುಗಲ್ಲು) ಅಂತಾಯಿತು. ಗೋಡೆ ಇವತ್ತಿಗೂ ಬಿರಿದಿಲ್ಲ. ಕೈಕೊಟ್ಟಿದ್ದು ನೆಲ.

ಪಾಯ 5 ಅಡಿ ತೆಗೆದು, ಎರೆ ದಾಟಿ ಮುರಂ (ಗಟ್ಟಿ ಗರಸು ಮಣ್ಣು) ಸಿಕ್ಕ ಮೇಲೇ ಕಲ್ಲು ಇಟ್ಟಿದ್ದೆವು. ಅಲ್ಲಿವರೆಗೆ ಸರಿ. ತೆಗೆದ ಎರೆಮಣ್ಣು ಪಕ್ಕದಲ್ಲೇ ಗುಡ್ಡೆ ಬಿದ್ದಿತ್ತು. ಮುರಂ ತರಿಸೋಕೆ ಸುಮ್ನೆ ಟ್ರ್ಯಾಕ್ಟರ್ ಬಾಡಿಗೆ ಯಾಕೆ, ಇದನ್ನೇ ಗೋಡೆಗಳ ನಡುವೆ ನೆಲದಡಿಗೆ ತುಂಬೋಣ ಅಂದವನು ನಾನೇ. ಬೇಸಿಗೆಯಲ್ಲಿ ಎರೆ ಹೆಂಟೆ ಕಲ್ಲಿನಂತಿರುತ್ತದೆ, ನೋಡಿದರೆ ಗಟ್ಟಿ ಅನ್ನಿಸುತ್ತದೆ. ಅದೇ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಏಪ್ರಿಲಿನಲ್ಲಿ ಹೊಲದ ಬಿರುಕಿಗೆ ಕೈ ಇಳಿಯುತ್ತದೆ ಅಲ್ವಾ? ಅದನ್ನು ದಿನಾ ನೋಡುವ ನಾನೇ ಅದನ್ನು ಮಂದಿರದೊಳಗೆ ತುಂಬಿಸಿದೆ. ಸಾಲದ್ದಕ್ಕೆ ಮಾಳಿಗೆ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು.

ಆಗಸ್ಟಿನ ಒಂದು ಭಾನುವಾರ ಬಾಗಿಲು ಅರ್ಧಕ್ಕೇ ನಿಂತಿತು. ಕೆಳಗಿನ ಫರ್ಸಿ ಎದ್ದು ಬಾಗಿಲಿಗೆ ಆನಿಕೊಂಡಿತ್ತು. ಒಳಗೆ ನಡುವಿನ ಸಾಲೆಲ್ಲ ಬೆನ್ನು ಎತ್ತಿತ್ತು, ಕಾಲಿಟ್ಟರೆ ಟೊಳ್ಳು ಸದ್ದು. ಚಾಪೆ ಹಿಡಿದು ಬಂದ ಅಜ್ಜಿಯೊಬ್ಬರು ಎಡವಿ ಬಿದ್ದು ಮಂಡಿ ಒಡೆದುಕೊಂಡರು. ಅದು ಇನ್ನೂ ನನ್ನ ಮನಸ್ಸಿಂದ ಹೋಗಿಲ್ಲ.

ಮಳೆ ನಿಂತ ಮೇಲೆ ಎಲ್ಲ ಕಿತ್ತೆವು. ಕೀಳುವಾಗಲೇ ಅರ್ಧ ಫರ್ಸಿ ಒಡೆದವು. ಎರೆಯನ್ನು ಬುಟ್ಟಿಯಲ್ಲಿ ಹೊತ್ತು ಹಾಕಿ, ಮುರಂ ಅರ್ಧರ್ಧ ಅಡಿ ಹರಡಿ, ನೀರು ಹೊಡೆದು, ದಿಮ್ಮಸಿನಲ್ಲಿ ಬಡಿದು ಮತ್ತೆ ಹಾಸಿದೆವು. ಹೊರಗೂ ಗೋಡೆ ಸುತ್ತ 3 ಅಡಿ ಫರ್ಸಿ, ನೀರು ಆಚೆ ಹೋಗುವ ಹಾಗೆ ಇಳಿಜಾರಾಗಿ. ಉಳಿಸಿದ ಬಾಡಿಗೆಗಿಂತ ಎಷ್ಟೋ ಪಟ್ಟು ಜಾಸ್ತಿ ಹೋಯಿತು.

ಹಾಗಾಗಿ ಗೋಡೆ ಮಾತು ಈಗ ಬಿಡಿ. ಮೊದಲು ಗುಂಡಿ ತೆಗೆದು ಎರೆ ಎಷ್ಟು ಆಳ ಇದೆ ನೋಡಿ. ಊರಿನ ಮಣ್ಣು ಅಂದಮೇಲೆ ಒಳ್ಳೆಯದೇ ಅಂತ ಬರೆದಿದ್ದೀರಿ, ಅದನ್ನು ನಾನು ಒಪ್ಪಲ್ಲ. ಜೋಳಕ್ಕೆ, ಕಡಲೆಗೆ ಎರೆಯಂಥ ಮಣ್ಣಿಲ್ಲ, ಆದರೆ ನೆಲದಡಿ ಬೇಡವೇ ಬೇಡ. ಬರೀ ಎರೆಯಲ್ಲಿ ಇಟ್ಟಿಗೆಯನ್ನೂ ಹೊಯ್ಯಬೇಡಿ, ಒಣಗುವಾಗಲೇ ಸೀಳುತ್ತದೆ. ಕೆಂಪು ಕಲ್ಲು ಬೀದರಿಗೆ ಚೆಂದ, ಅಲ್ಲಿ ಕೋಟೆ ನಿಂತಿರುವುದೇ ಅದರ ಮೇಲೆ. ಸೇಡಂಗೆ ಲಾರಿಯಲ್ಲಿ ತರಿಸಿದರೆ ಅದು ಊರಿನ ಕಲ್ಲು ಹೇಗಾಗುತ್ತದೆ? ನಿಮ್ಮ ಸುತ್ತಲೇ ಶಹಾಬಾದ್ ಕಲ್ಲು ಸಿಗುತ್ತದೆ. ಒಂದೂವರೆ ಅಡಿ ದಪ್ಪದ ಗೋಡೆ, ಮೇಲೆ ಗಾಳಿಕಂಡಿ, ಅಷ್ಟು ಸಾಕು.

ಎಷ್ಟು ಅಡಿಗೆ ಮುರಂ ಸಿಕ್ಕಿತು ಅಂತ ಬರೆಯಿರಿ. ನೆಲ ತುಂಬುವ ದಿನ ಹೇಳಿದರೆ ದಿಮ್ಮಸು ತಗೊಂಡು ನಾನೇ ಬರುತ್ತೇನೆ.