ಬಾತು ಕುಂಟುತ್ತಿದೆಯೇ? ಕಟ್ಟು ಹಾಕುವ ಮುಂಚೆ ನೋಡಬೇಕಾದ್ದು

ಅಕ್ಕಾ, ನಿಮ್ಮ ಪೋಸ್ಟ್ ಪೂರ್ತಿ ಓದಿದೆ. ವಿರಾಜಪೇಟೆ ಕಡೆ, ಎರಡು ವರ್ಷದ ಬಿಳಿ ಹೆಣ್ಣು ಬಾತು, ಪಾಚಿ ಕಟ್ಟಿದ ಕಾಫಿ ಕಣದಲ್ಲಿ ಜಾರಿದ ಮೇಲೆ ಎರಡು ದಿನದಿಂದ ಬಲಗಾಲು ಊರುತ್ತಿಲ್ಲ, ಗಂಟಿನ ಹತ್ತಿರ ಸಣ್ಣ ಊತ, ಆದರೆ ಮೇವು ತಿನ್ನುತ್ತಿದೆ. ಇದಕ್ಕೆ ಒಬ್ಬರು ಅರಿಶಿನ ಎಣ್ಣೆ ಹಚ್ಚಿ ಬಿದಿರಿನ ಸೀಳು ಇಟ್ಟು ಕಟ್ಟಿ ಅಂದಿದ್ದಾರೆ, ಇನ್ನೊಬ್ಬರು ಮನೆಯಲ್ಲಿರುವ ನೋವಿನ ಮಾತ್ರೆ ಕಾಲು ಭಾಗ ಕೊಡಿ ಅಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ.

ಮಾತ್ರೆ ವಿಷಯ ಮೊದಲು. ಮನುಷ್ಯರ ನೋವಿನ ಮಾತ್ರೆಗಳಲ್ಲಿ ಹಲವು ಹಕ್ಕಿಯ ಮೂತ್ರಪಿಂಡಕ್ಕೆ ಏಟು ಕೊಡುತ್ತವೆ. ಡೈಕ್ಲೋಫೆನಾಕ್ ಹಾಕಿದ ದನದ ಹೆಣ ತಿಂದು ರಣಹದ್ದುಗಳು ಸತ್ತದ್ದೂ ಮೂತ್ರಪಿಂಡ ಕೆಟ್ಟೇ. ಅದಕ್ಕೇ 2006ರಲ್ಲಿ ಆ ಔಷಧಿಯನ್ನು ಪಶುಗಳಿಗೆ ಬಳಸುವುದನ್ನು ನಮ್ಮ ದೇಶದಲ್ಲಿ ನಿಲ್ಲಿಸಿದರು, 2023ರಲ್ಲಿ ಕೀಟೋಪ್ರೊಫೇನ್, ಅಸಿಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ಹಕ್ಕಿಗಳಿಗೆ ಪಶುವೈದ್ಯರು ಸಾಮಾನ್ಯವಾಗಿ ಕೊಡುವುದು ಮೆಲಾಕ್ಸಿಕಾಮ್, ಅದೂ ತೂಕ ನೋಡಿ. ಆದ್ದರಿಂದ ಡಾಕ್ಟರಿಗೆ ಫೋನ್ ಮಾಡುವ ಮುಂಚೆ ಬಾತನ್ನು ಒಂದು ಬಕೆಟ್‌ನಲ್ಲಿ ಕೂರಿಸಿ ತಕ್ಕಡಿಗೆ ತೂಗುಹಾಕಿ, ಬಕೆಟ್ ತೂಕ ಕಳೆದು ಬರೆದಿಡಿ. ಔಷಧಿ ಕೊಡುವ ದಿನಗಳಲ್ಲಿ ಮೊಟ್ಟೆ ಮನೆಯವರು ತಿನ್ನಬಾರದು, ನಿಲ್ಲಿಸಿದ ಮೇಲೆ ಇನ್ನೆಷ್ಟು ದಿನ ಬಿಡಬೇಕು ಅಂತ ಡಾಕ್ಟರನ್ನೇ ಕೇಳಿ.

ಎಣ್ಣೆ ಯಾಕೆ ಬೇಡ ಅಂದರೆ, ಬಾತಿನ ಗರಿ ನೀರು ತಡೆಯುವುದು ಗರಿಗಳ ಒತ್ತಾದ ಹೆಣಿಗೆಯಿಂದ. ಹೊರಗಿನ ಎಣ್ಣೆ ತಾಗಿದರೆ ಆ ಹೆಣಿಗೆ ಅಂಟಿಕೊಂಡು, ನೀರು ನೇರ ಮೈಗೆ ಇಳಿಯುತ್ತದೆ. ಕೊಡಗಿನ ಜುಲೈ ಚಳಿಯಲ್ಲಿ ಒದ್ದೆಯಾದ ಬಾತು ಒಂದೇ ರಾತ್ರಿಯಲ್ಲಿ ಕುಗ್ಗಿಬಿಡುತ್ತದೆ. ಬಿದಿರಿನ ಕಟ್ಟು ಬೇಡ ಯಾಕೆಂದರೆ ಎಲ್ಲಿ ಏನಾಗಿದೆ ಅಂತ ಇನ್ನೂ ಗೊತ್ತಿಲ್ಲ. ಉಳುಕಿಗೆ ಬಿಗಿ ಕಟ್ಟು ಹಾಕಿದರೆ ಊತ ಒಳಗೇ ಬೆಳೆದು ರಕ್ತ ಓಡಾಟ ನಿಲ್ಲುತ್ತದೆ, ನಾಲ್ಕು ದಿನ ಬಿಟ್ಟು ಬಿಚ್ಚಿದಾಗ ಬೆರಳು ಕಪ್ಪಾಗಿರುತ್ತದೆ.

ಈಗ ಕಾಲು ನೋಡುವ ಕ್ರಮ. ಹಿಡಿಯುವಾಗ ಕಾಲನ್ನಾಗಲಿ ಒಂದೇ ರೆಕ್ಕೆಯನ್ನಾಗಲಿ ಹಿಡಿಯಬೇಡಿ. ಕೋಳಿಯನ್ನು ಕಾಲು ಹಿಡಿದು ಎತ್ತುವ ಅಭ್ಯಾಸ ಬಾತಿಗೆ ಆಗದು, ಇವುಗಳ ತೊಡೆಯ ಕೀಲು ಅಷ್ಟು ಗಟ್ಟಿಯಲ್ಲ, ಎಷ್ಟೋ ಕುಂಟು ಶುರುವಾಗುವುದೇ ಹೀಗೆ. ಮೂಲೆಗೆ ನಿಧಾನ ಒತ್ತರಿಸಿ, ಎರಡೂ ರೆಕ್ಕೆ ಮೈಗೆ ಸೇರಿಸಿ ಹಿಡಿದು, ಒಂದು ಅಂಗೈ ಎದೆಯಡಿಗೆ ಕೊಟ್ಟು ಎತ್ತಿ, ಹಳೇ ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳಿ. ತಲೆ ಮೇಲೆ ಬಟ್ಟೆಯ ತುದಿ ಹಾಕಿದರೆ ಸುಮ್ಮನಾಗುತ್ತದೆ.

ಮೊದಲು ಪಾದದ ಅಡಿ ತಿರುಗಿಸಿ ಬೆಳಕಿಗೆ ಹಿಡಿಯಿರಿ. ಬೆರಳ ಬುಡದಲ್ಲಿ ದಾರ ಸುತ್ತಿಕೊಂಡಿದೆಯೇ ಅಂತ ಉಗುರಿನಿಂದ ಕೆರೆದು ನೋಡಿ. ಪ್ಲಾಸ್ಟಿಕ್ ಗೊಬ್ಬರದ ಚೀಲದ ನೂಲು, ಮೀನಿನ ಗಾಳದ ನೈಲಾನ್, ಉದ್ದ ಕೂದಲು, ಇವು ಒದ್ದೆಯಲ್ಲಿ ಚರ್ಮದೊಳಗೆ ಹುದುಗಿ ಕಣ್ಣಿಗೆ ಬರಿಯ ಗೆರೆಯ ಹಾಗೆ ಕಾಣುತ್ತವೆ. ಗೆರೆಯಿಂದ ಬೆರಳ ತುದಿಯ ಕಡೆ ಊದಿ, ಬುಡದ ಕಡೆ ಮಾಮೂಲಾಗಿದ್ದರೆ ದಾರವೇ. ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ಬೆರಳ ನಡುವಿನ ಚರ್ಮದಲ್ಲಿ ಜಿಗಣೆ ಕೂತಿದ್ದರೆ ಉಗುರಿನಿಂದ ಸರಿಸಿ ತೆಗೆದರೆ ಸಾಕು, ಗಾಯದ ಮೇಲೆ ಉಪ್ಪು ಸುರಿಯಬೇಡಿ.

ಅಂಗಾಲಿನ ನಡುವೆ ದುಂಡಗೆ ಊತ, ಅದರ ಮೇಲೆ ಕಪ್ಪು ಹಕ್ಕಳೆ ಇದ್ದರೆ ಅದು ಬಂಬಲ್‌ಫುಟ್ ಅನ್ನುವ ಅಂಗಾಲಿನ ಕೀವು ರೋಗ, ಜಾರಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದರ ಕ್ರಮ ಆಮೇಲೆ ಹೇಳುತ್ತೇನೆ.

ಪಾದ ಸರಿಯಿದ್ದರೆ ಮೇಲಕ್ಕೆ ಬನ್ನಿ. ಹಿಂದಕ್ಕೆ ಬಾಗುವ ಗಂಟನ್ನು ಎಲ್ಲರೂ ಮೊಣಕಾಲು ಅನ್ನುತ್ತಾರೆ, ಅದು ನಿಜಕ್ಕೂ ಹಿಮ್ಮಡಿಯ ಗಂಟು. ಮೊಣಕಾಲು ಗರಿಯೊಳಗೆ, ಹೊಟ್ಟೆಗೆ ಅಂಟಿದಂತಿರುತ್ತದೆ. ಎರಡೂ ಕಾಲನ್ನು ಏಕಕಾಲಕ್ಕೆ ಎರಡು ಕೈಯಲ್ಲಿ ಕೆಳಗಿನಿಂದ ಮೇಲಕ್ಕೆ ಸವರಿ. ಬಿಸಿ, ದಪ್ಪ, ಆಕಾರ ಎಲ್ಲವನ್ನೂ ಒಳ್ಳೆಯ ಕಾಲಿಗೆ ಹೋಲಿಸಬೇಕು. ಬಾತಿನ ಪಾದ ಮಾಮೂಲಾಗಿಯೇ ತಣ್ಣಗಿರಬಹುದು, ಒಂದು ಕಾಲು ಮಾತ್ರ ತಣ್ಣಗಿದ್ದರೆ ರಕ್ತ ಓಡುತ್ತಿಲ್ಲ ಎಂದರ್ಥ. ಕೈಗೆ ಕಟಕಟ ಅನ್ನುವುದು, ಗಂಟೇ ಇಲ್ಲದ ಜಾಗದಲ್ಲಿ ಕಾಲು ಬಾಗುವುದು, ಪಾದ ಪಕ್ಕಕ್ಕೆ ತಿರುಗಿ ನೇತಾಡುವುದು, ಇವು ಮೂಳೆ ಮುರಿದ ಗುರುತು. ಬೆರಳ ನಡುವಿನ ಚರ್ಮವನ್ನು ಮೆಲ್ಲಗೆ ಚಿವುಟಿ. ಪಾದ ಹಿಂದಕ್ಕೆಳೆದುಕೊಂಡರೆ ನರ ಸರಿಯಿದೆ. ಎಳೆಯದೇ ಇದ್ದರೆ ಮನೆ ಮದ್ದಿಗೆ ಸಮಯ ಕಳೆಯಬೇಡಿ.

ನೀವು ಹೇಳಿದ್ದು ನೋಡಿದರೆ ಹಿಮ್ಮಡಿ ಗಂಟಿನ ಉಳುಕು ಅನ್ನಿಸುತ್ತದೆ. ಬಾತಿನ ಮೈ ಭಾರ, ಕಾಲು ಸಣ್ಣ. ಪೆಕಿನ್ ತಳಿಯ ಬಿಳಿ ಬಾತು ಮೂರು ಕೆಜಿ ಹತ್ತಿರ ತೂಗುತ್ತದೆ, ಒಂದು ಕಾಲು ಕೆಟ್ಟರೆ ಅಷ್ಟೂ ಭಾರ ಇನ್ನೊಂದರ ಮೇಲೆ ಬಿದ್ದು ವಾರದೊಳಗೆ ಅದೂ ಸೋಲುತ್ತದೆ. ಭಾರ ಇಳಿಸುವುದೇ ಇಲ್ಲಿ ಚಿಕಿತ್ಸೆ, ಮಿಕ್ಕಿದ್ದೆಲ್ಲ ಅದಕ್ಕೆ ಸಹಾಯ.

ಮೂರು ಅಡಿಗೆ ಎರಡು ಅಡಿ ಜಾಗ ಸಾಕು, ನಡೆಯುವಷ್ಟು ದೊಡ್ಡದು ಬೇಡ. ನೆಲಕ್ಕೆ ಗೋಣಿ ತಾಟು ಎರಡು ಪದರ, ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣ ಬತ್ತದ ಹುಲ್ಲು, ಅದರ ಮೇಲೆ ದಿನಾ ಬದಲಿಸುವ ಹಳೇ ಟವೆಲ್. ಹುಲ್ಲು ಮೂಗಿಗೆ ಹಿಡಿದು ನೋಡಿ, ಬೂಸ್ಟಿನ ವಾಸನೆ ಇದ್ದರೆ ಒಳಗೆ ತರಬೇಡಿ. ಆ ಬೂಸ್ಟು ಬಾತಿನ ಶ್ವಾಸಕೋಶದಲ್ಲೇ ಬೆಳೆಯುತ್ತದೆ. ಕಾಫಿ ಸಿಪ್ಪೆ ಹೇರಳ ಸಿಗುತ್ತದೆ ಅಂತ ಹಾಸಬೇಡಿ, ಬೇಗ ಬೂಸ್ಟು ಹಿಡಿಯುತ್ತದೆ, ಕೆದಕಿ ತಿಂದರೆ ಅದರಲ್ಲಿರುವ ಕೆಫೀನ್ ವಿಷ. ನ್ಯೂಸ್ ಪೇಪರ್ ಒಂದೇ ಹಾಸಿದರೆ ಜಾರಿ ಕಾಲು ಅಗಲವಾಗಿ ಇನ್ನಷ್ಟು ಉಳುಕುತ್ತದೆ. ಒಲೆ ಹೊಗೆ ಬರುವ ಬಚ್ಚಲಲ್ಲಿ ಇಡಬೇಡಿ. ಕರೆಂಟ್ ಹೋದ ರಾತ್ರಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಒಂದು ಪಕ್ಕದಲ್ಲಿಡಿ, ಬೇಡವಾದರೆ ಅದು ಸರಿದುಕೊಳ್ಳುವಷ್ಟು ಜಾಗ ಬಿಟ್ಟು.

ಸದಾ ಕೂತೇ ಇರುವುದರಿಂದ ಎದೆಮೂಳೆಯ ಮೇಲೆ ಹುಣ್ಣಾಗುತ್ತದೆ. ದಿನಕ್ಕೆರಡು ಸಲ ಎದೆಯ ಗರಿ ಸರಿಸಿ ನೋಡಿ. ಚರ್ಮ ಕೆಂಪಾಗಿದ್ದರೆ ಟವೆಲನ್ನು ಚಕ್ಕುಲಿಯ ಹಾಗೆ ಸುತ್ತಿ ಉಂಗುರ ಮಾಡಿ, ಎದೆಮೂಳೆ ನಡುವಿನ ಖಾಲಿ ಜಾಗಕ್ಕೆ ಬರುವಂತೆ ಕೂರಿಸಿ. ಬಾಲದ ಕೆಳಗೆ ಹಿಕ್ಕೆ ಮೆತ್ತಿಕೊಂಡರೆ ಆಗಾಗ ತೊಳೆದು ಪೂರ್ತಿ ಒರೆಸಿ. ನಮ್ಮ ಮಳೆಗಾಲದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಬೀಳುತ್ತದೆ.

ಜೊತೆಯ ಬಾತುಗಳು ಕಣ್ಣಿಗೆ ಬೀಳುವಂತೆ ಜಾಲರಿ ಅಡ್ಡವಿಟ್ಟು ಇಡಿ. ಒಂಟಿಯಾದರೆ ಮೇವು ಬಿಡುತ್ತದೆ. ಆದರೆ ಗಂಡು ಬಾತನ್ನು ಒಳಗೆ ಬಿಡಬೇಡಿ, ಏಳಲಾರದ ಹೆಣ್ಣಿನ ಮೇಲೆ ಹತ್ತಿಯೇ ಹತ್ತುತ್ತದೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣಿಲ್ಲದ ಮನೆಯಲ್ಲಿ ಹೆಣ್ಣಿನ ಕಾಲು ಪದೇ ಪದೇ ಕೆಡುವುದಕ್ಕೆ ಇದೂ ಕಾರಣ.

ನೀರಿನ ಪಾತ್ರೆ ಕೊಕ್ಕಿನ ಪಕ್ಕದಲ್ಲೇ ಇರಲಿ, ಮೂಗಿನ ತೂತು ಮುಳುಗುವಷ್ಟು ಆಳವಿರಲಿ. ಮೂಗು ತೊಳೆಯಲಾಗದ ಬಾತಿಗೆ ಮೂಗು ಕಟ್ಟಿ ಕಣ್ಣು ಬಾಯುತ್ತದೆ. ಮೇವು ಒದ್ದೆ ಮಾಡಿ ಕೊಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಉಳಿದದ್ದು ಎಸೆಯಿರಿ. ಮಳೆಗಾಲದ ಜೋಳ, ಕಡಲೆಹಿಂಡಿಯಲ್ಲಿ ಬೂಸ್ಟಿನ ವಿಷ ಅಫ್ಲಟಾಕ್ಸಿನ್ ಇರಬಹುದು, ಅದಕ್ಕೆ ಬಾತು ಕೋಳಿಗಿಂತ ಬೇಗ ಬಲಿಯಾಗುತ್ತದೆ. ಸ್ವಲ್ಪ ವಾಸನೆ ಬಂದ ಚೀಲವನ್ನೂ ಬಳಸಬೇಡಿ.

ಇನ್ನು ತೇಲಿಸುವುದು. ಗಾಯ, ಹಕ್ಕಳೆ, ಕಟ್ಟು ಯಾವುದೂ ಇಲ್ಲದಿದ್ದರೆ ಮಾತ್ರ. ದೊಡ್ಡ ಟಬ್ಬಿಗೆ ಒಂದು ಅಡಿ ಉಗುರುಬೆಚ್ಚಗಿನ ನೀರು ಹಾಕಿ. ಪಾದ ತಳಕ್ಕೆ ತಾಗಬಾರದು, ತಾಗಿದರೆ ಒಂಟಿ ಕಾಲಲ್ಲಿ ನೂಕುತ್ತದೆ. ಮೊದಲ ದಿನ ಐದು ನಿಮಿಷ, ಆಮೇಲೆ ಹತ್ತು, ಹದಿನೈದು ನಿಮಿಷ, ದಿನಕ್ಕೆರಡು ಸಲ. ನೀವು ಪಕ್ಕದಲ್ಲೇ ಇರಬೇಕು. ಮೈ ತೀಡಿಕೊಳ್ಳದೆ ಬಿದ್ದಿದ್ದ ಬಾತಿನ ಗರಿ ನೀರು ಕುಡಿಯುತ್ತದೆ, ಎದೆ ಭಾಗ ಮುಳುಗುತ್ತಾ ಬಂದರೆ ತಕ್ಷಣ ಎತ್ತಿ. ತೇಲುವಾಗ ಮೇಲಿನಿಂದ ನೋಡಿ: ಬಲಗಾಲು ಸ್ವಲ್ಪವಾದರೂ ಹುಟ್ಟು ಹಾಕುತ್ತಿದೆಯೇ, ಸುಮ್ಮನೆ ಎಳೆದುಕೊಂಡು ಬರುತ್ತಿದೆಯೇ? ದಿನದಿಂದ ದಿನಕ್ಕೆ ಆ ಕಾಲಿನ ಚಲನೆ ಹೆಚ್ಚಾಗಬೇಕು. ಎತ್ತಿದ ಮೇಲೆ ಟವೆಲಿನಲ್ಲಿ ಒತ್ತಿ ಒರೆಸಿ, ಹೊಟ್ಟೆಯ ಅಡಿಯ ಪುಕ್ಕ ಒಣಗುವವರೆಗೆ ಬೆಚ್ಚಗಿಡಿ.

ಉಳುಕಾದರೆ ಮೂರ್ನಾಲ್ಕು ದಿನದಲ್ಲಿ ಪಾದ ನೆಲಕ್ಕೆ ತಾಗಿಸಲು ಶುರು ಮಾಡುತ್ತದೆ, ಏಳರಿಂದ ಹತ್ತು ದಿನದಲ್ಲಿ ಭಾರ ಹಾಕುತ್ತದೆ. ಎಲ್ಲರೂ ಎಡವುವುದು ಇಲ್ಲೇ: ಕುಂಟು ನಿಂತ ದಿನವೇ ಗದ್ದೆಗೆ ಬಿಡುತ್ತಾರೆ, ಸಂಜೆಗೆ ಮತ್ತೆ ಕಾಲೆತ್ತಿಕೊಂಡು ಬರುತ್ತದೆ. ಕುಂಟು ನಿಂತ ಮೇಲೂ ಐದು ದಿನ ಒಳಗೇ ಇರಲಿ. ಹತ್ತು ದಿನ ಕಳೆದರೂ ನಿಲ್ಲಲು ನೋಡದಿದ್ದರೆ ಜೋಲಿ ಬೇಕಾಗುತ್ತದೆ. ತರಕಾರಿ ಕ್ರೇಟಿನ ಬಾಯಿಗೆ ಹಳೇ ಹತ್ತಿ ಬನಿಯನ್ ಬಿಗಿದು, ಕಾಲಿಗೆ ಎರಡು ತೂತು, ಹಿಕ್ಕೆಗೆ ಒಂದು ತೂತು ಮಾಡಿ, ಪಾದ ನೆಲಕ್ಕೆ ಸ್ವಲ್ಪವೇ ತಾಗುವ ಎತ್ತರಕ್ಕೆ ಕೂರಿಸಿ. ಹತ್ತು ನಿಮಿಷದಿಂದ ಶುರು ಮಾಡಿ, ಬಾಯಿ ತೆರೆದು ಉಸಿರು ಬಿಟ್ಟರೆ ಇಳಿಸಿಬಿಡಿ, ಎದೆ ಒತ್ತುತ್ತಿದೆ ಅಂತ ಅರ್ಥ.

ಕಟ್ಟು ಹಾಕಲೇಬೇಕಾದ್ದು ಒಂದೇ ಸಂದರ್ಭದಲ್ಲಿ: ಹಿಮ್ಮಡಿ ಗಂಟಿನ ಕೆಳಗಿನ, ಗರಿಯಿಲ್ಲದ ಮೂಳೆ ಮುರಿದಿದೆ, ಚರ್ಮ ಹರಿದಿಲ್ಲ, ಆ ದಿನ ಡಾಕ್ಟರ್ ಸಿಗುವುದಿಲ್ಲ. ತೆಳು ಹತ್ತಿ ಒಂದು ಪದರ ಸುತ್ತಿ, ಎರಡೂ ಬದಿಗೆ ಐಸ್‌ಕ್ರೀಮ್ ಕಡ್ಡಿ ಇಟ್ಟು, ತನಗೆ ತಾನೇ ಅಂಟುವ ಬ್ಯಾಂಡೇಜ್ ಎಳೆಯದೆ ಸುತ್ತಿ. ಕಡ್ಡಿಯ ತುದಿ ಗಂಟಿಗೂ ಪಾದಕ್ಕೂ ಚುಚ್ಚಬಾರದು, ಬೆರಳು ಹೊರಗೆ ಕಾಣಬೇಕು. ನಾಲ್ಕು ಗಂಟೆಗೊಮ್ಮೆ ಬೆರಳು ಊದಿದೆಯೇ, ಇನ್ನೊಂದು ಪಾದಕ್ಕಿಂತ ತಣ್ಣಗಿದೆಯೇ ನೋಡಿ, ಹಾಗಿದ್ದರೆ ಬಿಚ್ಚಿ ಸಡಿಲವಾಗಿ ಹಾಕಿ. ಮೂಳೆ ಕೂಡಲು ಸುಮಾರು ಮೂರು ವಾರ. ತೊಡೆಯ ಮೂಳೆಗೆ ಮನೆಯಲ್ಲಿ ಕಟ್ಟು ಹಾಕಲು ಆಗುವುದೇ ಇಲ್ಲ, ಕಡ್ಡಿ ಭಾರಕ್ಕೆ ಮುರಿದ ಜಾಗ ಇನ್ನಷ್ಟು ಅಲುಗಾಡುತ್ತದೆ. ಅದಕ್ಕೆ ಇಕ್ಕಟ್ಟಾದ ಪೆಟ್ಟಿಗೆಯಲ್ಲಿಟ್ಟು ಡಾಕ್ಟರ ಹತ್ತಿರ ಒಯ್ಯುವುದೇ ದಾರಿ.

ಬಂಬಲ್‌ಫುಟ್‌ಗೆ: ಒಂದು ಲೀಟರ್ ಬೆಚ್ಚಗಿನ ನೀರಿಗೆ ಒಂದು ದೊಡ್ಡ ಚಮಚ ಎಪ್ಸಮ್ ಉಪ್ಪು, ಹತ್ತು ಹದಿನೈದು ನಿಮಿಷ ಪಾದ ನೆನೆಸಿ, ಆ ನೀರು ಕುಡಿಯದಂತೆ ನೋಡಿಕೊಳ್ಳಿ, ಭೇದಿ ಆಗುತ್ತದೆ. ಪೊವಿಡೋನ್ ಅಯೋಡಿನ್ನನ್ನು ತಿಳಿ ಚಹಾದ ಬಣ್ಣಕ್ಕೆ ನೀರು ಬೆರೆಸಿ ತೊಳೆದು, ಒಣಗಿಸಿ, ಗಾಜ್ ಇಟ್ಟು ಸುತ್ತಿ, ದಿನಾ ಬದಲಿಸಿ. ಹಕ್ಕಿಯ ಕೀವು ಸೋರುವುದಿಲ್ಲ, ಗಿಣ್ಣಿನ ಹಾಗೆ ಗಟ್ಟಿಯಾಗಿರುತ್ತದೆ, ಹಿಚುಕಿದರೆ ಒಳಕ್ಕೆ ಹೋಗುತ್ತದೆ. ಬ್ಲೇಡಿನಿಂದ ಕೊರೆಯಬೇಡಿ. ಊತ ಬೆರಳ ಕಡೆಗೋ ಮೇಲಿನ ಗಂಟಿಗೋ ಏರಿದರೆ ಮೂಳೆಗೆ ತಲುಪುತ್ತಿದೆ ಅಂತ, ಆಗ ಆಂಟಿಬಯಾಟಿಕ್ ಬೇಕು.

ಮರಿಗಳ ಕಾಲು ಬಾಗಿದ್ದರೆ ವಿಷಯವೇ ಬೇರೆ. ಕೋಳಿಮರಿ ಆಹಾರದಲ್ಲಿ ಬಾತು ಮರಿಗೆ ಬೇಕಾದಷ್ಟು ನಯಾಸಿನ್ (ಒಂದು ಬಿ ವಿಟಮಿನ್) ಇರುವುದಿಲ್ಲ. ಇವಕ್ಕೆ ಕೆಜಿ ಆಹಾರದಲ್ಲಿ 55ರಿಂದ 70 ಮಿಲಿಗ್ರಾಂ ಬೇಕು. ಬ್ರೂವರ್ಸ್ ಯೀಸ್ಟ್ ಬೆರೆಸಿ, ಜಾರದ ನೆಲದಲ್ಲಿಡಿ.

ಜಾರಿದ್ದನ್ನು ನೀವು ಕಣ್ಣಾರೆ ನೋಡಿಲ್ಲದೆ, ಎರಡೂ ಕಾಲು ಒಟ್ಟಿಗೆ ಸೋತಿದ್ದರೆ ಕಾಲಿನ ತೊಂದರೆ ಅಂದುಕೊಳ್ಳಬೇಡಿ. ಹೆಣ್ಣು ಬಾತಾದ್ದರಿಂದ ಮೊಟ್ಟೆ ಸಿಕ್ಕಿಕೊಂಡಿರಬಹುದು: ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತದೆ, ಹೊಟ್ಟೆಯ ಹಿಂಭಾಗ ಗಟ್ಟಿ. ಕುತ್ತಿಗೆ ಜೋತುಬಿದ್ದರೆ ಬಾಟುಲಿಸಂ ಅನ್ನುವ ವಿಷಬಾಧೆ, ಕೊಳೆತ ಹೆಣದ ಹುಳ ತಿಂದೋ ನಿಂತ ನೀರು ಕುಡಿದೋ ಬರುವಂಥದ್ದು. ನಡುಗುತ್ತಾ ತೂರಾಡಿದರೆ, ಬಸವನಹುಳಕ್ಕೆ ತೋಟದಲ್ಲಿ ಮೆಟಾಲ್ಡಿಹೈಡ್ ಗುಳಿಗೆ ಹಾಕಿದ್ದಾರೆಯೇ ಕೇಳಿ. ಶನಿವಾರಸಂತೆ ಕಡೆ ಆಫ್ರಿಕನ್ ಬಸವನಹುಳದ ಕಾಟ ಇರುವಲ್ಲಿ ಬಾತು ಸಾಕುವವರು ಇದನ್ನು ಮರೆಯಬಾರದು. ಈ ಮೂರಕ್ಕೂ ಗಂಟೆಗಳ ಲೆಕ್ಕ, ತಡ ಮಾಡದೆ ಡಾಕ್ಟರಿಗೆ ತೋರಿಸಿ.

ನಾಯಿ, ಮುಂಗುಸಿ ಕಚ್ಚಿದ್ದರೆ ತೂತು ಎಷ್ಟೇ ಸಣ್ಣದಿರಲಿ, ಮೂಳೆ ಹೊರಗೆ ಕಂಡರೆ, ಮೇವು ಬಿಟ್ಟು ಹಿಕ್ಕೆ ಬರೀ ಹಸಿರಾದರೆ, ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ ಅದೇ ದಿನ ತೋರಿಸಿ. 1962ಕ್ಕೆ ಫೋನ್ ಮಾಡಿದರೆ ಪಶು ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನದ ವಿಚಾರ ತಿಳಿಯುತ್ತದೆ. ಎಕ್ಸ್‌ರೇ ಬೇಕಾದರೆ ಮೈಸೂರಿಗೋ ಹಾಸನದ ಪಶುವೈದ್ಯಕೀಯ ಕಾಲೇಜಿಗೋ ಹೊರಡುವ ಮುಂಚೆ ಹಕ್ಕಿ ನೋಡುತ್ತಾರಾ ಅಂತ ಕೇಳಿಕೊಂಡೇ ಹೋಗಿ. ರಟ್ಟಿನ ಪೆಟ್ಟಿಗೆಗೆ ಟವೆಲ್ ಹಾಸಿ ಒಯ್ಯಿರಿ, ಘಾಟಿಯ ತಿರುವಿನಲ್ಲಿ ಮಡಿಲಲ್ಲಿ ಹಿಡಿದರೆ ಬೆದರಿ ಒದ್ದು ಕಾಲು ಇನ್ನೂ ಕೆಡುತ್ತದೆ.

ಕಣದ ಪಾಚಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಚೆನ್ನಾಗಿ ತೊಳೆದು, ಆಮೇಲೆ ಬಾತುಗಳು ದಾಟುವ ಜಾಗಕ್ಕೆ ಗೋಣಿ ತಾಟು ಹಾಸಿ. ಇವತ್ತು ಸಂಜೆ ತೂಕ, ಅಂಗಾಲಿನ ಒಂದು ಫೋಟೋ, ತೇಲುವಾಗ ಮೇಲಿನಿಂದ ತೆಗೆದ ಸಣ್ಣ ವಿಡಿಯೋ ಇಲ್ಲೇ ಹಾಕಿ ಅಕ್ಕಾ, ನೋಡಿ ಮುಂದಿನದು ಹೇಳುತ್ತೇನೆ.